ಮುತ್ತಜ್ಜನ ಟ್ರಂಕಿನಲ್ಲಿ ಸಿಕ್ಕ ಡಿಕನ್ಸ್

ಪ್ರಶ್ನೆ: ನಮ್ಮ ಮುತ್ತಜ್ಜ ಧಾರವಾಡದಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದರು. ಅಟ್ಟದ ಮೇಲಿದ್ದ ಅವರ ಟ್ರಂಕಿನಲ್ಲಿ ‘ಡೇವಿಡ್ ಕಾಪರ್‌ಫೀಲ್ಡ್’ ಸಿಕ್ಕಿದೆ. ದೊಡ್ಡ ಆಕಾರದ ಪುಸ್ತಕ, ಪುಟಕ್ಕೆ ಎರಡು ಕಾಲಂ, ತುಂಬ ಚಿತ್ರಗಳು. ಚಿತ್ರ ಬರೆದವರು ಎಫ್. ಬರ್ನಾರ್ಡ್ ಎಂದಿದೆ. ಕೆಳಗೆ ‘ಚಾಪ್‌ಮನ್ ಅಂಡ್ ಹಾಲ್, 193, ಪಿಕಾಡಿಲಿ, ಲಂಡನ್’ ಎಂದಿದೆ, ಇಸವಿ ಇಲ್ಲ. ಮುತ್ತಜ್ಜ ಮಸಿಯಲ್ಲಿ ತಮ್ಮ ಹೆಸರು ಬರೆದು 1892 ಎಂದು ಹಾಕಿಕೊಂಡಿದ್ದಾರೆ. ಎರಡನೆಯ ಮುದ್ರಣ, ಮೂರನೆಯ ಮುದ್ರಣ ಎಂದು ಎಲ್ಲೂ ಇಲ್ಲದ್ದರಿಂದ ಇದು ಮೊದಲ ಮುದ್ರಣವೇ ಎಂದು ನನ್ನ ತಮ್ಮನ ವಾದ. ಹೌದೆ? ಆ ಕಾಲದ ಕಾದಂಬರಿಗಳ ಮೊದಲ ಮುದ್ರಣವನ್ನು ಗುರುತಿಸುವುದು ಹೇಗೆ? ಬೆಲೆ ಎಷ್ಟು ಬರಬಹುದು?

ಉತ್ತರ: ಬೆಲೆಯ ಮಾತು ಕೊನೆಗಿರಲಿ, ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ. ನಿಮ್ಮ ತಮ್ಮನಿಗೆ ಬೇಸರವಾದೀತು, ಆದರೆ ಇದು ಮೊದಲ ಮುದ್ರಣವಲ್ಲ. ಪುಸ್ತಕವನ್ನು ಕಣ್ಣಿಂದ ನೋಡದೆಯೇ ಹೀಗೆ ಹೇಳಲು ಧೈರ್ಯ ಬಂದದ್ದು ನಿಮ್ಮ ಪತ್ರದಿಂದಲೇ. ಬೇಕಾದ ಸಾಕ್ಷಿಯನ್ನೆಲ್ಲ ಅಚ್ಚುಕಟ್ಟಾಗಿ ಬರೆದು ಕಳಿಸಿದ್ದೀರಿ.

‘ಡೇವಿಡ್ ಕಾಪರ್‌ಫೀಲ್ಡ್’ 1849ರ ಮೇ ತಿಂಗಳಿಂದ 1850ರ ನವೆಂಬರ್‌ವರೆಗೆ ತಿಂಗಳಿಗೊಂದು ಕಂತಾಗಿ ಹೊರಬಂದು, 1850ರಲ್ಲಿ ಪುಸ್ತಕವಾಯಿತು. ಪ್ರಕಾಶಕರು ಬ್ರಾಡ್‌ಬರಿ ಅಂಡ್ ಎವಾನ್ಸ್. ಚಿತ್ರ ಬರೆದವನು ‘ಫಿಜ್’ ಎಂಬ ಹೆಸರಿನಲ್ಲಿ ಪ್ರಸಿದ್ಧನಾದ ಹ್ಯಾಬ್ಲಟ್ ನೈಟ್ ಬ್ರೌನ್. ಪುಟಕ್ಕೆ ಒಂದೇ ಕಾಲಂ. ಹಾಗಿದ್ದರೆ ನಿಮ್ಮ ಪ್ರತಿಯಲ್ಲಿ ಚಾಪ್‌ಮನ್ ಅಂಡ್ ಹಾಲ್ ಎಲ್ಲಿಂದ ಬಂತು? ಅದರ ಹಿಂದೆ ಒಂದು ಜಗಳವಿದೆ. 1858ರಲ್ಲಿ ಡಿಕನ್ಸ್ ಹೆಂಡತಿಯಿಂದ ಬೇರೆಯಾದಾಗ ಊರವರ ಬಾಯಿ ಮುಚ್ಚಿಸಲೆಂದು ಒಂದು ಹೇಳಿಕೆ ಬರೆದ. ಬ್ರಾಡ್‌ಬರಿ ಅಂಡ್ ಎವಾನ್ಸ್ ಒಡೆತನದ ಹಾಸ್ಯಪತ್ರಿಕೆ ‘ಪಂಚ್’ ಅದನ್ನು ಅಚ್ಚು ಹಾಕಲಿಲ್ಲ. ಆತ ಸಿಟ್ಟಾಗಿ ಅವರನ್ನು ಬಿಟ್ಟು, ತನ್ನ ಹಳೆಯ ಪ್ರಕಾಶಕರಾದ ಚಾಪ್‌ಮನ್ ಅಂಡ್ ಹಾಲ್ ಬಳಿಗೆ ಮರಳಿದ. ಸಂಸಾರದ ಗುಟ್ಟು ಬಯಲಾಗಿ ಪುಸ್ತಕದ ಮೇಲಿನ ವಿಳಾಸವೇ ಬದಲಾಯಿತು ನೋಡಿ! ಹಾಗಾಗಿ ಚಾಪ್‌ಮನ್ ಹೆಸರು ಹೊತ್ತ ‘ಡೇವಿಡ್ ಕಾಪರ್‌ಫೀಲ್ಡ್’ ಎಷ್ಟೇ ಹಳೆಯದಾದರೂ ಮೊದಲನೆಯದಾಗಲಾರದು.

ಎರಡು ಕಾಲಂ ಮತ್ತು ಬರ್ನಾರ್ಡ್ ಎಂಬ ಹೆಸರು ಸೇರಿದರೆ ಸಿಗುವ ಉತ್ತರ ‘ಹೌಸ್‌ಹೋಲ್ಡ್ ಎಡಿಷನ್’. 1870ರ ಜೂನ್‌ನಲ್ಲಿ ಡಿಕನ್ಸ್ ತೀರಿಕೊಂಡ ಮರುವರ್ಷ ಶುರುವಾಗಿ 1879ರವರೆಗೆ ನಡೆದ ಮಾಲೆ ಅದು. ವಾರಕ್ಕೊಂದು ಪೆನ್ನಿಯ ಕಂತಾಗಿಯೂ ಕೊಳ್ಳಬಹುದಾಗಿದ್ದ, ಸಾಮಾನ್ಯ ಜನರಿಗಾಗಿ ಮಾಡಿದ ಅಗ್ಗದ ಆವೃತ್ತಿ. ಅದರಲ್ಲಿ ‘ಕಾಪರ್‌ಫೀಲ್ಡ್’ ಬಂದದ್ದು 1872ರಲ್ಲಿ. ಇಸವಿ ಇಲ್ಲದ ಪುಸ್ತಕದಲ್ಲಿ ವಿಳಾಸವೇ ಗಡಿಯಾರ. ಚಾಪ್‌ಮನ್ ಅಂಡ್ ಹಾಲ್ 1840ರ ದಶಕದಲ್ಲಿ ಸ್ಟ್ರಾಂಡ್ ಬೀದಿಯ 186ರಲ್ಲಿದ್ದರು. 1850ರ ಆಸುಪಾಸಿನಿಂದ ಸುಮಾರು ಮೂರು ದಶಕ ಪಿಕಾಡಿಲಿಯ 193ರಲ್ಲಿ. ಆಮೇಲೆ ಹೆನ್ರಿಯೆಟಾ ಸ್ಟ್ರೀಟಿಗೆ ಹೋದರು. ನಿಮ್ಮದು ಪಿಕಾಡಿಲಿಯ ಕಾಲದ್ದು. ಮುತ್ತಜ್ಜ ಬಹುಶಃ ಕೈ ಬದಲಿಸಿ ಬಂದ ಪುಸ್ತಕವನ್ನೇ ಕೊಂಡಿರಬೇಕು.

ನಿಮ್ಮ ತಮ್ಮನ ತರ್ಕ ತಪ್ಪೆಂದು ಬೈಯಬೇಡಿ. ಕನ್ನಡ ಪುಸ್ತಕ ಓದಿ ಬೆಳೆದವರಿಗೆ ಅದು ಸಹಜ. ನಮ್ಮಲ್ಲಿ ಶೀರ್ಷಿಕೆಯ ಪುಟವನ್ನು ಮಗುಚಿದರೆ ಸಾಕು, ‘ಮೊದಲ ಮುದ್ರಣ’, ‘ಎರಡನೆಯ ಮುದ್ರಣ’ ಎಂದು ಜಾತಕ ಬರೆದಂತೆ ಇಸವಿಗಳ ಪಟ್ಟಿ ಇರುತ್ತದೆ. (ಮೊಳೆಯನ್ನು ಹೊಸದಾಗಿ ಜೋಡಿಸಿದರೆ ಆವೃತ್ತಿ, ಇದ್ದ ಮೊಳೆಯಿಂದಲೇ ಮತ್ತೆ ಅಚ್ಚು ಹಾಕಿದರೆ ಮುದ್ರಣ ಎಂಬ ಭೇದವನ್ನು ನಮ್ಮವರೂ ಅಷ್ಟಾಗಿ ಪಾಲಿಸುವುದಿಲ್ಲ, ಬಿಡಿ.) ವಿಕ್ಟೋರಿಯಾ ಕಾಲದ ಪ್ರಕಾಶಕನಿಗೆ ಆ ರೂಢಿ ಇರಲಿಲ್ಲ. ಸರಕು ಬಿಸಿಯಾಗಿ ಓಡುತ್ತಿದೆ ಎಂದು ತೋರಿಸಿಕೊಳ್ಳಬೇಕಾದಾಗ ‘ಎರಡನೆಯ ಆವೃತ್ತಿ’ ಎಂದು ಮುಂದೆಯೇ ಢಾಣಾಢಂಗುರ ಸಾರುತ್ತಿದ್ದ, ಬೇಡವಾದಾಗ ಸುಮ್ಮನಿರುತ್ತಿದ್ದ. ಪುಸ್ತಕ ಗೆದ್ದರೆ ಮೊಳೆಗಳ ಅಚ್ಚೆರಕ ತೆಗೆದು ಲೋಹದ ಫಲಕ ಮಾಡಿಟ್ಟುಕೊಂಡು, ಇಪ್ಪತ್ತು ಮೂವತ್ತು ವರ್ಷ ಅದರಿಂದಲೇ ಅಚ್ಚು ಹಾಕುತ್ತಿದ್ದದ್ದೂ ಉಂಟು. ಅಕ್ಷರಗಳ ಅಂಚು ಸವೆದು ಮುರಿದಿದ್ದರೆ ಆ ಫಲಕ ಬಹಳ ದುಡಿದಿದೆ ಎಂದರ್ಥ.

ಇದ್ದ ಮಾತನ್ನೂ ಪೂರ್ತಿ ನಂಬುವ ಹಾಗಿಲ್ಲ. 1861ರ ಜುಲೈಯಲ್ಲಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಮೂರು ಸಂಪುಟಗಳಲ್ಲಿ ಬಂತು. ಆ ಒಂದೇ ವರ್ಷದಲ್ಲಿ ಅದರ ಎರಡನೆಯ, ಮೂರನೆಯ, ನಾಲ್ಕನೆಯ, ಐದನೆಯ ‘ಆವೃತ್ತಿ’ಗಳೂ ಕಾಣಿಸಿಕೊಂಡವು. ಒಳಗಿನ ಮೊಳೆಜೋಡಣೆ ಮಾತ್ರ ಒಂದೇ. ಬದಲಾದದ್ದು ಶೀರ್ಷಿಕೆಯ ಪುಟ. ಬಿಸಿ ದೋಸೆಯಂತೆ ಖರ್ಚಾಗುತ್ತಿದೆ ಎಂದು ಜನ ತಿಳಿಯಲಿ ಎಂಬ ಉಪಾಯ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಹಳೆಯ ಪುಸ್ತಕ ಕೊಳ್ಳುವವರು ಗೋಡೆಗೆ ಅಂಟಿಸಿಕೊಳ್ಳಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನನ್ನನ್ನು ಕೇಳಿದರೆ ಇಸವಿಯಿಂದ ಅಲ್ಲ, ಆಕಾರದಿಂದ. ಕಾದಂಬರಿ ಹುಟ್ಟಿದಾಗ ಯಾವ ರೂಪದಲ್ಲಿತ್ತು ಎಂದು ತಿಳಿದುಕೊಂಡರೆ ನೂರಕ್ಕೆ ತೊಂಬತ್ತು ಪ್ರತಿಗಳು ಜರಡಿಯಲ್ಲೇ ನಿಂತುಬಿಡುತ್ತವೆ. ವಾಲ್ಟರ್ ಸ್ಕಾಟ್‌ನ ‘ಕೆನಿಲ್‌ವರ್ತ್’ 1821ರಲ್ಲಿ ಮೂರು ಸಂಪುಟವಾಗಿ ಬಂದು 31 ಶಿಲಿಂಗ್ 6 ಪೆನ್ಸ್‌ಗೆ ಮಾರಾಟವಾಯಿತು. ಅದೇ ಬೆಲೆ ಎಪ್ಪತ್ತು ಚಿಲ್ಲರೆ ವರ್ಷ ನಿಂತಿತು. ಅಷ್ಟು ಹಣ ಕೊಟ್ಟು ಕಾದಂಬರಿ ಕೊಳ್ಳುವವರು ಯಾರು? ಲೈಬ್ರರಿಗಳು. ಲಂಡನ್ನಿನಲ್ಲಿ ಮ್ಯೂಡಿ ಎಂಬಾತ ನಡೆಸುತ್ತಿದ್ದ ಬಾಡಿಗೆ ಲೈಬ್ರರಿಗೆ ವರ್ಷದ ಚಂದಾ ಒಂದು ಗಿನಿ, ಅಂದರೆ 21 ಶಿಲಿಂಗ್. ಒಂದು ಕಾದಂಬರಿಯ ಬೆಲೆಗಿಂತ ಕಡಿಮೆ ದುಡ್ಡಿನಲ್ಲಿ ವರ್ಷವಿಡೀ ಓದಬಹುದು, ಆದರೆ ಸಲಕ್ಕೆ ಒಂದೇ ಸಂಪುಟ. ಕಾದಂಬರಿಯನ್ನು ಮೂರಾಗಿ ಸೀಳಿದರೆ ಒಂದೇ ಹೊತ್ತಿಗೆ ಮೂರು ಮನೆಗೆ ಕೊಡಬಹುದು! ಲೇಖಕನಿಗೆ ಕಥೆಯನ್ನು ಎಳೆಯುವ ಕಷ್ಟ, ಪ್ರಕಾಶಕನಿಗೆ ಗಟ್ಟಿ ಗಿರಾಕಿ, ಮ್ಯೂಡಿಗೆ ಲಾಭ. 1894ರಲ್ಲಿ ಮ್ಯೂಡಿ ಮತ್ತು ಡಬ್ಲ್ಯೂ. ಎಚ್. ಸ್ಮಿತ್ ಲೈಬ್ರರಿಗಳು ಸಂಪುಟಕ್ಕೆ ನಾಲ್ಕು ಶಿಲಿಂಗ್‌ಗಿಂತ ಹೆಚ್ಚು ಕೊಡುವುದಿಲ್ಲ ಎಂದು ಪಟ್ಟು ಹಿಡಿದವು. ಕೆಲವೇ ವರ್ಷಗಳಲ್ಲಿ ಆ ರೂಪವೇ ಸತ್ತಿತು. ಥಾಮಸ್ ಹಾರ್ಡಿಯ ಎರಡು ಕಾದಂಬರಿಗಳಲ್ಲಿ ಈ ಗೆರೆ ಸ್ಪಷ್ಟ: 1891ರ ‘ಟೆಸ್’ ಮೂರು ಸಂಪುಟ, 1895ರ ‘ಜೂಡ್’ ಒಂದೇ ಸಂಪುಟ.

ಆದ್ದರಿಂದ ಒಂದೇ ಸಂಪುಟದ ‘ಜೇನ್ ಏರ್’ ಕಂಡರೆ ಎದೆ ಬಡಿತ ಏರಿಸಿಕೊಳ್ಳಬೇಡಿ. 1847ರ ಅಕ್ಟೋಬರ್‌ನಲ್ಲಿ ಸ್ಮಿತ್, ಎಲ್ಡರ್ ಪ್ರಕಟಿಸಿದ ಮೊದಲನೆಯದು ಮೂರು ಸಂಪುಟ. ಅದರಲ್ಲಿ ಷಾರ್ಲೆಟ್ ಬ್ರಾಂಟೆಯ ಹೆಸರೇ ಇಲ್ಲ, ಅವಳ ಗುಪ್ತನಾಮವಾದ ಕರರ್ ಬೆಲ್ ಸಂಪಾದಿಸಿದ ಆತ್ಮಕಥೆ ಎಂದಿದೆ. ಪುಸ್ತಕವನ್ನು ಕಾದಂಬರಿಕಾರ ಥ್ಯಾಕರೆಗೆ ಅರ್ಪಿಸಿದ್ದರೆ ಅದು 1848ರ ಎರಡನೆಯ ಆವೃತ್ತಿ ಅಥವಾ ಅದರ ನಂತರದ್ದು. 1847ರ ಡಿಸೆಂಬರ್‌ನಲ್ಲಿ ಬಂದ ತಂಗಿ ಎಮಿಲಿಯ ‘ವದರಿಂಗ್ ಹೈಟ್ಸ್’ ಎರಡೇ ಸಂಪುಟ ತುಂಬಿಸಿತು. ಮೂರನೆಯದಕ್ಕೆ ಕಿರಿಯವಳು ಆನ್ ಬರೆದ ‘ಆಗ್ನೆಸ್ ಗ್ರೇ’ಯನ್ನು ಜೋಡಿಸಿದರು.

ಇಸವಿಯನ್ನೇ ನಂಬಿ ನಾನೂ ಒಮ್ಮೆ ಮುಗ್ಗರಿಸಿದ್ದೇನೆ. ಬೆಂಗಳೂರಿನ ಅವೆನ್ಯೂ ರೋಡಿನ ಫುಟ್‌ಪಾತ್ ಅಂಗಡಿಯೊಂದರಲ್ಲಿ ಜಾರ್ಜ್ ಎಲಿಯಟ್‌ಳ ‘ಆಡಂ ಬೀಡ್’ ಸಿಕ್ಕಿತು. ಒಳಗೆ 1859 ಎಂದು ಕಣ್ಣಿಗೆ ಹೊಡೆಯುವ ಹಾಗೆ ಅಚ್ಚಾಗಿತ್ತು. ಕಾದಂಬರಿ ಬಂದದ್ದೂ 1859ರಲ್ಲೇ ಎಂದು ನನಗೆ ಗೊತ್ತಿತ್ತು. ಚೌಕಾಸಿ ಮಾಡಿದರೆ ಅಂಗಡಿಯವನಿಗೆ ಅನುಮಾನ ಬಂದೀತೆಂದು ಕೇಳಿದಷ್ಟು ಕೊಟ್ಟು, ಹಿಂದೆ ನೋಡದೆ ಬಂದೆ. ವಾರದ ಮೇಲೆ ಹಿರಿಯ ಸ್ನೇಹಿತರೊಬ್ಬರು ಪುಸ್ತಕ ಕೈಗೆತ್ತಿಕೊಂಡು ಇಸವಿಯ ಮೇಲಿನ ಸಾಲಿನತ್ತ ಬೆರಳು ಇಟ್ಟರು. ಲೈಪ್‌ಜಿಗ್! ಅದು ಜರ್ಮನಿಯ ಟೌಖ್ನಿಟ್ಸ್ ಕಂಪನಿಯ ಪ್ರತಿ. ಯುರೋಪಿನಲ್ಲಿ ತಿರುಗಾಡುವ ಇಂಗ್ಲಿಷ್ ಓದುಗರಿಗಾಗಿ 1841ರಿಂದ ಆ ಕಂಪನಿ ಇಂಗ್ಲಿಷ್ ಪುಸ್ತಕಗಳನ್ನು ಅಗ್ಗದಲ್ಲಿ ಹಾಕುತ್ತಿತ್ತು, ಮತ್ತು ಎಷ್ಟು ಸಲ ಮರುಮುದ್ರಿಸಿದರೂ ಒಳಗಿನ ಪುಟದಲ್ಲಿ ಮೊದಲ ಸಲದ ಇಸವಿಯನ್ನೇ ಉಳಿಸುತ್ತಿತ್ತು. ಬ್ಲ್ಯಾಕ್‌ವುಡ್ ಪ್ರಕಟಿಸಿದ ನಿಜವಾದ ಮೊದಲನೆಯದು ಮೂರು ಸಂಪುಟ, ನನ್ನ ಕೈಯಲ್ಲಿದ್ದದ್ದು ಎರಡರ ಸೆಟ್ಟು. ಇನ್ನೊಂದು ವಿಚಿತ್ರವೂ ಇದೆ: ವರ್ಷದ ಕೊನೆಗೆ ಬಂದ ಪುಸ್ತಕ ಹಳತೆನಿಸಬಾರದೆಂದು ಮುಂದಿನ ವರ್ಷದ ಇಸವಿ ಹಾಕುತ್ತಿದ್ದರು. ಮೇಲೆ ಹೇಳಿದ ‘ಜೂಡ್’ 1895ರ ನವೆಂಬರ್‌ನಲ್ಲಿ ಅಂಗಡಿಗೆ ಬಂತು, ಪುಸ್ತಕದೊಳಗೆ 1896 ಎಂದಿದೆ. ಅದೇ ಮೊದಲನೆಯದು.

ಇನ್ನು ಕಂತಿನ ಪುಸ್ತಕಗಳು. ಈ ವಿದ್ಯೆಯ ಸ್ವಾರಸ್ಯವೆಲ್ಲ ಇರುವುದು ಇಲ್ಲಿ. 1836ರ ಏಪ್ರಿಲ್‌ನಿಂದ 1837ರ ನವೆಂಬರ್‌ವರೆಗೆ ಬಂದ ‘ಪಿಕ್‌ವಿಕ್ ಪೇಪರ್ಸ್’ ಈ ಪದ್ಧತಿಗೆ ದಾರಿ ಮಾಡಿತು. ಹಸಿರು ಛಾಯೆಯ ತೆಳು ಹೊದಿಕೆ, 32 ಪುಟ, ಎರಡು ಚಿತ್ರ, ಬೆಲೆ ಒಂದು ಶಿಲಿಂಗ್ ಎಂಬುದು ಡಿಕನ್ಸ್ ಕಂತಿನ ಮಾದರಿಯಾಯಿತು. ಕೊನೆಯ ಕಂತು ಜೋಡಿ ಕಂತು, ಎರಡು ಶಿಲಿಂಗ್. ಶೀರ್ಷಿಕೆಯ ಪುಟ, ಮುನ್ನುಡಿ, ಪರಿವಿಡಿ ಎಲ್ಲ ಬರುತ್ತಿದ್ದದ್ದು ಆ ಕೊನೆಯ ಕಂತಿನಲ್ಲಿ. ಓದುಗ ಎಲ್ಲವನ್ನೂ ಒಟ್ಟು ಮಾಡಿ ಬೈಂಡರ್‌ಗೆ ಕೊಟ್ಟು ಪುಸ್ತಕ ಮಾಡಿಸಿಕೊಳ್ಳುತ್ತಿದ್ದ. ಅಂದರೆ ಪುಸ್ತಕದ ಮೊದಲ ಹಾಳೆ ಕಟ್ಟಕಡೆಯಲ್ಲಿ ಅಚ್ಚಾದದ್ದು! ಪುಟದ ಒಳ ಅಂಚಿನಲ್ಲಿ ಸೂಜಿ ಚುಚ್ಚಿದ ಸಣ್ಣ ತೂತುಗಳು ಕಂಡರೆ ಆ ಪ್ರತಿ ಕಂತುಗಳಿಂದ ಕಟ್ಟಿದ್ದು ಎಂದು ತಿಳಿಯಬಹುದು.

‘ಪಿಕ್‌ವಿಕ್’ ಶುರುವಾದಾಗ ಕೇಳುವವರಿರಲಿಲ್ಲ. ಮೊದಲ ಕಂತನ್ನು ಕಟ್ಟಿದ್ದು ಕೆಲವೇ ನೂರು. ಸ್ಯಾಮ್ ವೆಲ್ಲರ್ ಎಂಬ ಪಾತ್ರ ಬಂದದ್ದೇ ತಡ, ಬೇಡಿಕೆ ನುಗ್ಗಿ ಕೊನೆಯಲ್ಲಿ ಸಂಖ್ಯೆ 40,000 ಮುಟ್ಟಿತು. ತಡವಾಗಿ ಬಂದವರಿಗೆಲ್ಲ ಹಿಂದಿನ ಕಂತುಗಳು ಬೇಕು. ಅವನ್ನು ಮತ್ತೆ ಮತ್ತೆ ಅಚ್ಚು ಹಾಕಿದರು. ಚಿತ್ರದ ಲೋಹದ ತಗಡುಗಳು ಸವೆದವು, ಫಿಜ್ ಅವನ್ನು ಮತ್ತೆ ಕೊರೆದ. ಮೊದಲ ಚಿತ್ರಕಾರ ರಾಬರ್ಟ್ ಸೀಮರ್ ಕೆಲಸದ ನಡುವೆಯೇ ಆತ್ಮಹತ್ಯೆ ಮಾಡಿಕೊಂಡಿದ್ದ. ಅವನ ಜಾಗಕ್ಕೆ ಬಂದ ಬಸ್ ಎಂಬವನ ಎರಡು ಚಿತ್ರ ಮೂರನೆಯ ಕಂತಿನಲ್ಲಿ ಬಂದು, ಆಮೇಲೆ ಅವನ್ನು ಕಿತ್ತುಹಾಕಿ ಫಿಜ್‌ನ ಚಿತ್ರ ಸೇರಿಸಿದರು. ಬಸ್ ಚಿತ್ರಗಳಿರುವ ಪ್ರತಿ ಮುಂಚಿನದು ಎಂಬುದರಲ್ಲಿ ತಕರಾರಿಲ್ಲ. ಚಿತ್ರವಿರುವ ಶೀರ್ಷಿಕೆಯ ಪುಟದ ಬೋರ್ಡಿನ ಮೇಲೆ ವೆಲ್ಲರ್ ಎಂಬ ಹೆಸರು ‘ಡಬ್ಲ್ಯೂ’ ಬದಲು ‘ವಿ’ ಅಕ್ಷರದಿಂದ ಶುರುವಾಗಿದ್ದರೂ ಮುಂಚಿನದು. ಈ ಗುರುತನ್ನು ಕನ್ನಡದಲ್ಲಿ ತೋರಿಸುವ ಉಪಾಯವಿಲ್ಲ, ನಮ್ಮಲ್ಲಿ ಎರಡೂ ವಕಾರವೇ.

ಇಂಥ ಗುರುತುಗಳಿಗೆ ಪುಸ್ತಕ ವ್ಯಾಪಾರಿಗಳು ‘ಪಾಯಿಂಟ್’ ಎನ್ನುತ್ತಾರೆ. ‘ನಿಕೊಲಸ್ ನಿಕಲ್ಬಿ’ಯ 123ನೆಯ ಪುಟದಲ್ಲಿ ‘ಸಿಸ್ಟರ್’ ಎಂದಿರಬೇಕಾದಲ್ಲಿ ‘ವಿಸಿಟರ್’. ‘ಎ ಟೇಲ್ ಆಫ್ ಟೂ ಸಿಟೀಸ್’ನಲ್ಲಿ 213ನೆಯ ಪುಟಕ್ಕೆ 113 ಎಂಬ ಸಂಖ್ಯೆ. ಥ್ಯಾಕರೆಯ ‘ವ್ಯಾನಿಟಿ ಫೇರ್’ನ 336ನೆಯ ಪುಟದಲ್ಲಿ ಮಾರ್ಕ್ವಿಸ್ ಸ್ಟೇನ್ ಎಂಬ ಪಾತ್ರದ ಸಣ್ಣ ಚಿತ್ರವಿದ್ದರೆ ಮೊದಲಿನದು, ಆಮೇಲೆ ಅದನ್ನು ತೆಗೆದುಬಿಟ್ಟರು. ಪಟ್ಟಿ ಮಾಡುತ್ತ ಹೋದರೆ ಮುಗಿಯದು, ಮತ್ತು ಪಟ್ಟಿಯನ್ನು ಉರು ಹೊಡೆಯುವವರ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ವ್ಯತ್ಯಾಸ ಏಕೆ ಉಂಟಾಯಿತು ಎಂದು ವಿವರಿಸಲಾಗದ ಪಾಯಿಂಟ್ ಬರೀ ಕಣಿ ಹೇಳಿದ ಹಾಗೆ.

ಇದಕ್ಕೆ ‘ಮಾರ್ಟಿನ್ ಚಸಲ್‌ವಿಟ್’ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದರ ಚಿತ್ರಪುಟದಲ್ಲಿ ಬಹುಮಾನ ಸಾರುವ ಒಂದು ಫಲಕವಿದೆ. ಕೆಲವು ಪ್ರತಿಗಳಲ್ಲಿ ಪೌಂಡಿನ ಗುರುತು ನೂರರ ಸಂಖ್ಯೆಯ ಹಿಂದೆ ಬಿದ್ದಿದೆ, ಕೆಲವದರಲ್ಲಿ ಸರಿಯಾಗಿ ಮುಂದಿದೆ. ತಪ್ಪಿದ್ದದ್ದೇ ಮೊದಲನೆಯದು, ಆಮೇಲೆ ತಿದ್ದಿದರು ಎಂದು ತಲೆಮಾರುಗಳ ಕಾಲ ಸಂಗ್ರಾಹಕರು ತಪ್ಪಿದ್ದ ಪ್ರತಿಗೆ ಹೆಚ್ಚು ದುಡ್ಡು ಸುರಿದರು. ಆದರೆ ಬೇಡಿಕೆ ಪೂರೈಸಲು ಒಂದೇ ಚಿತ್ರಕ್ಕೆ ಒಂದಕ್ಕಿಂತ ಹೆಚ್ಚು ತಗಡು ಕೊರೆದು, ಅವನ್ನೆಲ್ಲ ಒಟ್ಟಿಗೇ ಬಳಸುತ್ತಿದ್ದರು. ಒಂದು ತಗಡಿನಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಎಂದರೆ ಅವಳಿ ಮಕ್ಕಳಲ್ಲಿ ಒಬ್ಬನಿಗೆ ಮಚ್ಚೆ ಇದ್ದಂತೆ. ಮಚ್ಚೆ ಇದ್ದವನೇ ಹಿರಿಯ ಎನ್ನಲಾದೀತೆ?

ಇದಕ್ಕೆ ಎದುರಾಗಿ ‘ಆಲಿವರ್ ಟ್ವಿಸ್ಟ್’ ನೋಡಿ. 1838ರ ನವೆಂಬರ್‌ನಲ್ಲಿ ಬೆಂಟ್ಲಿ ಅದನ್ನು ಮೂರು ಸಂಪುಟಗಳಲ್ಲಿ ತಂದಾಗ ಲೇಖಕನ ಹೆಸರು ‘ಬೋಜ್’ ಎಂದಿತ್ತು. ಕೊನೆಯಲ್ಲಿ ಚಿತ್ರಕಾರ ಕ್ರುಕ್‌ಶ್ಯಾಂಕ್ ಬರೆದ ಒಲೆಯ ಮುಂದಿನ ಸಂಸಾರದ ಚಿತ್ರ ಡಿಕನ್ಸ್‌ಗೆ ಹಿಡಿಸಲಿಲ್ಲ. ಅದರ ಬದಲು ಚರ್ಚಿನೊಳಗಿನ ಚಿತ್ರ ಬರೆಸಿದ. ಬೋಜ್ ಬೇಡ, ನನ್ನ ನಿಜದ ಹೆಸರು ಹಾಕಿ ಎಂದ. ಯಾರು ಬದಲಿಸಿದರು, ಏಕೆ ಬದಲಿಸಿದರು ಎಂದು ಗೊತ್ತಿರುವುದರಿಂದ ಯಾವುದು ಮೊದಲು ಎಂಬುದೂ ಗೊತ್ತು. ನಾನು ನಂಬುವುದು ಇಂಥ ಪಾಯಿಂಟನ್ನು.

ಎರಡರ ನಡುವೆ ತೂಗಾಡುವುದು ‘ಎ ಕ್ರಿಸ್‌ಮಸ್ ಕ್ಯಾರೊಲ್’. 1843ರ ಡಿಸೆಂಬರ್ 19ರಂದು ಬಂದ ಐದು ಶಿಲಿಂಗಿನ ಪುಟ್ಟ ಪುಸ್ತಕ. ಕ್ರಿಸ್‌ಮಸ್ ಹಿಂದಿನ ದಿನದೊಳಗೆ 6,000 ಪ್ರತಿ ಖಾಲಿ. ರಟ್ಟಿನ ಒಳಬದಿಗೆ ಅಂಟಿಸಿದ ಹಸಿರು ಕಾಗದದ ಬಣ್ಣ ಕೈಗೆ ಅಂಟುತ್ತಿತ್ತಾದ್ದರಿಂದ ಹಳದಿ ಕಾಗದಕ್ಕೆ ಬದಲಾದರು. ಒಳಗೆ ಮೊದಲ ಅಧ್ಯಾಯದ ಸಂಖ್ಯೆ ಕೆಲವದರಲ್ಲಿ ರೋಮನ್ ಅಂಕಿ, ಕೆಲವದರಲ್ಲಿ ಅಕ್ಷರ. ಈ ಹಸಿರು, ಹಳದಿ, ಅಂಕಿ, ಅಕ್ಷರಗಳು ಒಂದರೊಳಗೊಂದು ಬೆರೆತು ನಾನಾ ಬಗೆಯ ಪ್ರತಿಗಳಾಗಿವೆ. ಹಬ್ಬದ ಗಡಿಬಿಡಿಯಲ್ಲಿ ಬೈಂಡರ್ ಮುಂದಿದ್ದ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡ. ವಿದ್ವಾಂಸರು ಇಂದಿಗೂ ಅವನ ಕೈಚಳಕವನ್ನು ಬಿಡಿಸುತ್ತ ಕೂತಿದ್ದಾರೆ.

ಪುಸ್ತಕದ ಕೊನೆಯಲ್ಲಿ ಹೊಲಿದಿರುವ, ಪ್ರಕಾಶಕರು ತಮ್ಮ ಪುಸ್ತಕಗಳನ್ನು ಸಾರುವ ಪಟ್ಟಿಯನ್ನೂ ನೋಡಿ. ಅದಕ್ಕೆ ಬೇರೆಯೇ ತಾರೀಕು ಇರುತ್ತದೆ. ಅಚ್ಚಾದ ಹಾಳೆಗಳನ್ನು ಒಟ್ಟಿಗೆ ಬೈಂಡ್ ಮಾಡದೆ ಬೇಕಾದಾಗ ಬೇಕಾದಷ್ಟು ಕಟ್ಟುತ್ತಿದ್ದರು. ಪಟ್ಟಿಯ ತಾರೀಕು ಬಹಳ ಮುಂದಿದ್ದರೆ ಹಾಳೆ ಮೊದಲಿನದು, ಬೈಂಡಿಂಗ್ ತಡವಾದದ್ದು.

ಕಾಗದವೂ ಮಾತಾಡುತ್ತದೆ. ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್‌ಳ ಸಾನೆಟ್‌ಗಳ ಒಂದು ತೆಳು ಪುಸ್ತಿಕೆ, ‘ರೆಡಿಂಗ್, 1847’ ಎಂದು ಅಚ್ಚಾದದ್ದು, ಸಂಗ್ರಾಹಕರಿಗೆ ಪರಮ ನಿಧಿಯಾಗಿತ್ತು. ಅದು ಖರೆ ಎಂದು ಪುಷ್ಟಿ ಕೊಟ್ಟವರು ಥಾಮಸ್ ಜೆ. ವೈಸ್, ಇಂಗ್ಲೆಂಡಿನ ಗ್ರಂಥಸೂಚಿಕಾರರ ಸಂಘಕ್ಕೆ ಅಧ್ಯಕ್ಷರಾಗಿದ್ದ ದೊಡ್ಡ ಮನುಷ್ಯ. 1934ರಲ್ಲಿ ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್ ಎಂಬ ಇಬ್ಬರು ಯುವ ಪುಸ್ತಕ ವ್ಯಾಪಾರಿಗಳು ಆ ಕಾಗದವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಒಳಗೆ ರಾಸಾಯನಿಕವಾಗಿ ಸಂಸ್ಕರಿಸಿದ ಮರದ ತಿರುಳು! ಇಂಗ್ಲೆಂಡಿನಲ್ಲಿ ಅಂಥ ಕಾಗದ ಬಂದದ್ದು 1874ರಲ್ಲಿ. ಅಚ್ಚಿನ ಮೊಳೆಯಲ್ಲಿ ಎಫ್ ಮತ್ತು ಜೆ ಅಕ್ಷರಗಳ ಕೊಕ್ಕೆ ಮೊಳೆಯ ಮೈ ದಾಟದಂತೆ ಒಳಗೆಳೆದ ಮಾದರಿ; ಅದು 1880ರ ನಂತರದ್ದು. ಇಂಥ ಖೋಟಾ ಪುಸ್ತಿಕೆಗಳು ಹತ್ತಾರು ಸಿಕ್ಕವು, ಜಾರ್ಜ್ ಎಲಿಯಟ್ ಹೆಸರಿನವೂ ಇದ್ದವು. ಎಲ್ಲದರ ಜಾಡೂ ವೈಸ್ ಮನೆ ಬಾಗಿಲಿಗೇ ಹೋಗಿ ಮುಟ್ಟಿತು. ಆತ 1937ರಲ್ಲಿ ಸತ್ತ ಮೇಲೆ ಇನ್ನೊಂದು ಹೊರಬಿತ್ತು: ಬ್ರಿಟಿಷ್ ಮ್ಯೂಸಿಯಮ್ಮಿನ ಹಳೆಯ ನಾಟಕದ ಪುಸ್ತಕಗಳಿಂದ ಹಾಳೆ ಕದ್ದು ತನ್ನ ಪ್ರತಿಗಳಲ್ಲಿ ಕಾಣೆಯಾದ ಪುಟಗಳ ಜಾಗ ತುಂಬಿದ್ದ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. 1850ರದ್ದೆಂದು ಯಾರಾದರೂ ಮಾರಲು ತಂದ ಪುಸ್ತಕದ ಹಾಳೆ ಮರದ ತಿರುಳಿನ ಕಾಗದದಂತೆ ಕಂದಾಗಿ, ಮಡಚಿದರೆ ಹಪ್ಪಳದಂತೆ ಮುರಿದರೆ, ಜೇಬಿಗೆ ಕೈ ಹಾಕಬೇಡಿ.

ನಮ್ಮ ನಾಡಿನ ಹಳೆಯ ಮನೆಗಳಲ್ಲಿ, ಲೈಬ್ರರಿಗಳ ಮೂಲೆಗಳಲ್ಲಿ ಸಿಗುವ ಇಂಗ್ಲಿಷ್ ಕಾದಂಬರಿಗಳ ಬಗ್ಗೆ ಒಂದು ಮಾತು. ಮ್ಯಾಕ್‌ಮಿಲನ್ ಕಂಪನಿ 1886ರಲ್ಲಿ ‘ಕಲೋನಿಯಲ್ ಲೈಬ್ರರಿ’ ಎಂಬ ಮಾಲೆ ತೆರೆಯಿತು; ಭಾರತ ಮತ್ತು ವಸಾಹತುಗಳಲ್ಲಿ ಮಾತ್ರ ಮಾರಾಟಕ್ಕೆ ಎಂಬ ಒಕ್ಕಣೆ ಅದರ ಮೇಲಿರುತ್ತದೆ. ಬೇರೆ ಪ್ರಕಾಶಕರೂ ಹಿಂದೆಯೇ ಬಂದರು. ಲಂಡನ್ನಿನ ಸಂಗ್ರಾಹಕರು ಬಹುಕಾಲ ಇವನ್ನು ಕಡೆಗಣ್ಣಿನಿಂದಲೂ ನೋಡಲಿಲ್ಲ. ಆದರೆ ನಮ್ಮ ಅಜ್ಜಂದಿರು ಓದಿದ್ದು ಇವನ್ನು. ಅಂಥದ್ದು ಕೈಗೆ ಬಂದರೆ ‘ಮೊದಲನೆಯದಲ್ಲ’ ಎಂದು ರದ್ದಿಗೆ ಹಾಕಬೇಡಿ. ಒಳಗಿನ ಸಹಿ, ಅಂಗಡಿಯ ಚೀಟಿ, ಪುಟದಂಚಿನ ಟಿಪ್ಪಣಿ ಬೇರೆಲ್ಲೂ ಸಿಗುವುದಿಲ್ಲ.

ಈಗ ಬೆಲೆ. ಹೌಸ್‌ಹೋಲ್ಡ್ ಎಡಿಷನ್ ಅಪರೂಪದ್ದಲ್ಲ, ಲಕ್ಷದ ಕನಸು ಬಿಡಿ. ಹೊಸ ಬೈಂಡಿಂಗ್ ಮಾತ್ರ ಮಾಡಿಸಬೇಡಿ. ಹಳೆಯ ರಟ್ಟು ಹೋದರೆ ಅರ್ಧ ಸಾಕ್ಷಿ ಹೋದಂತೆ. ಟ್ರಂಕಿನಿಂದ ತೆಗೆದು ಗಾಳಿಯಾಡುವ ಕಪಾಟಿನಲ್ಲಿ ನಿಲ್ಲಿಸಿಡಿ, ಗೆದ್ದಲಿನ ಮೇಲೆ ಕಣ್ಣಿರಲಿ.

ಅಂದ ಹಾಗೆ, ಆ ಟ್ರಂಕಿನಲ್ಲಿ ಕನ್ನಡ ಪುಸ್ತಕಗಳಿವೆಯೇ ಎಂದು ನೀವು ಬರೆದಿಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ. ರಾಣಿ ಇನ್ನೂ ಬದುಕಿದ್ದಳು, ಲೆಕ್ಕಕ್ಕೆ ಅದೂ ವಿಕ್ಟೋರಿಯಾ ಕಾಲದ ಕಾದಂಬರಿಯೇ. ಅದರ ಪ್ರತಿಯೇನಾದರೂ ತಳದಲ್ಲಿ ಬಿದ್ದಿದ್ದರೆ ಪತ್ರ ಬರೆಯುತ್ತ ಕೂರಬೇಡಿ, ನಾನೇ ಧಾರವಾಡದ ಬಸ್ಸು ಹತ್ತುತ್ತೇನೆ.